ರಾಗಿಯನ್ನು ಕೇಳಿದ್ರಾ, ಅಜ್ಜಿ?

“ಚಳಿಗಾಲಕ್ಕೆ ಊರಿಗೇ ಬರಬಾರದೇನೇ?” ಅಂತ ಅರಸೀಕೆರೆಯಿಂದ ನನ್ನ ಅಕ್ಕ ಪ್ರತಿ ವರ್ಷ ಫೋನಿನಲ್ಲಿ ಕೇಳುತ್ತಾಳೆ. ಹೋದ ವರ್ಷದವರೆಗೆ ನಾವೂ ಹಾಗೇ ಮಾಡುತ್ತಿದ್ದೆವು. ಡಿಸೆಂಬರ್ ಬಂತೆಂದರೆ ವಿಮಾನ ಹತ್ತಿ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಅರಸೀಕೆರೆ. ಈ ಸಲ ಮಾತ್ರ ಬರುವುದಿಲ್ಲ ಅಂದೆ. ಕಾರಣ ಕೇಳಿದಳು. “ರಾಗಿ” ಅಂದೆ. ಅಕ್ಕನಿಗೆ ಅರ್ಥವಾಗಲಿಲ್ಲ. “ರಾಗಿ ಇಲ್ಲೂ ಸಿಗುತ್ತಲ್ಲೇ!” ಅಂದಳು.

ರಾಗಿ ನಮ್ಮ ನಾಯಿಯ ಹೆಸರು ಮಕ್ಕಳೇ. ಮೈಬಣ್ಣ ಥೇಟ್ ರಾಗಿಮುದ್ದೆಯದೇ ಆದ್ದರಿಂದ ಆ ಹೆಸರು. ಅವಳು ಗ್ರೇಹೌಂಡ್ ಜಾತಿಯವಳು. ನಮ್ಮ ಮುಧೋಳದ ನಾಯಿಯನ್ನು ನೀವು ನೋಡಿದ್ದರೆ ಗ್ರೇಹೌಂಡ್ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ: ಅದೇ ಉದ್ದ ಮೂತಿ, ಒಳಗೆ ಸೇರಿಕೊಂಡ ಹೊಟ್ಟೆ, ಕಡ್ಡಿಯಂಥ ಕಾಲು. ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲ ಪ್ರಾಣಿ. ಬ್ರಿಟನ್ನಿನಲ್ಲಿ ಇವುಗಳನ್ನು ಪಂದ್ಯಕ್ಕೆ ಓಡಿಸುತ್ತಾರೆ. ಕಾಲಿನ ಶಕ್ತಿ ಇಳಿದಾಗ ಯಾರಾದರೂ ಮನೆಗೆ ಕರೆದೊಯ್ದು ಸಾಕಲಿ ಅಂತ ಕೊಟ್ಟುಬಿಡುತ್ತಾರೆ. ರಾಗಿ ನಾಲ್ಕು ವರ್ಷದವಳಿದ್ದಾಗ ಹಾಗೆ ಬಂದವಳು. ಈಗ ಅವಳಿಗೆ ಹತ್ತು. ಓಟ ಮರೆತಿದ್ದಾಳೆ. ದಿನಕ್ಕೆ ಹದಿನೆಂಟು ಗಂಟೆ ಮಲಗುತ್ತಾಳೆ. ಮೈಮೇಲೆ ಕೂದಲೂ ಕೊಬ್ಬೂ ಕಡಿಮೆ, ಚಳಿ ಅಂದರೆ ನಡುಗುತ್ತಾಳೆ. ಆ ವಿಷಯದಲ್ಲಿ ಅವಳು ನನ್ನಂತೆಯೇ!

ನಾವಿರುವುದು ಇಂಗ್ಲೆಂಡಿನ ಉತ್ತರಕ್ಕಿರುವ ಲೀಡ್ಸ್‌ನಲ್ಲಿ. ನಾನು 1981ರಲ್ಲಿ ಮದುವೆಯಾಗಿ ಬಂದವಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಸೀಸೆಗಳ ಮಧ್ಯೆ ಮೂವತ್ತು ವರ್ಷ ಕಳೆದು ನಿವೃತ್ತಳಾಗಿದ್ದೇನೆ. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆಯ ಮೇಲೆ, ಮುಳುಗುವುದು ನಾಲ್ಕಕ್ಕೂ ಮೊದಲು. ಹಗಲು ಏಳೂವರೆ ಗಂಟೆ ಅಷ್ಟೇ, ಅದರಲ್ಲೂ ಮುಕ್ಕಾಲು ಪಾಲು ಮೋಡ. ಅದೇ ದಿನ ಅರಸೀಕೆರೆಯಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಬಿಸಿಲು! ನಮ್ಮ ಯಜಮಾನರಿಗೆ ಮಂಡಿನೋವು. ಚಳಿ ಬಿದ್ದರೆ ಮಹಡಿ ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರ ಹೆಸರು ಹೇಳುತ್ತಾರೆ.

ಊರಿಗೆ ಬರುವಾಗ ರಾಗಿಯನ್ನು ನಾಯಿಗಳ ವಸತಿಗೃಹದಲ್ಲಿ ಬಿಟ್ಟು ಬರುತ್ತಿದ್ದೆವು. ಹೋದ ಸಲ ನಾವು ವಾಪಸಾಗುವ ಹೊತ್ತಿಗೆ ಅವಳು ಐದು ಕಿಲೋ ಇಳಿದಿದ್ದಳು. ಅಲ್ಲಿಯವರು ಚೆನ್ನಾಗಿಯೇ ನೋಡಿಕೊಂಡಿದ್ದರು, ಇವಳೇ ತಿಂದಿರಲಿಲ್ಲ. ನಮ್ಮನ್ನು ಕಂಡಾಗ ಬಾಲ ಆಡಿಸಲಿಲ್ಲ. ಹತ್ತಿರ ಬಂದು ನನ್ನ ಮಂಡಿಗೆ ತಲೆ ಆನಿಸಿ ನಿಂತುಬಿಟ್ಟಳು. ಆವತ್ತೇ ನಾವಿಬ್ಬರೂ ತೀರ್ಮಾನಿಸಿದೆವು, ಇನ್ನು ಇವಳನ್ನು ಬಿಟ್ಟು ಹೋಗುವುದಿಲ್ಲ ಅಂತ.

ಹಾಗಾದರೆ ಅವಳನ್ನೇ ಊರಿಗೆ ಕರೆತರಬಹುದಲ್ಲ ಅಂತ ನೀವು ಕೇಳಬಹುದು. ಬರುವುದೇನೋ ಬರಬಹುದು, ವಾಪಸು ಹೋಗುವುದು ಕಷ್ಟ. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ನಾಯಿ ಸರಕಿನ ಭಾಗದಲ್ಲೇ ಬರಬೇಕು. ಜೊತೆಗೆ ಹುಚ್ಚುನಾಯಿ ರೋಗ ಅಂದರೆ ರೇಬೀಸ್ ಇರುವ ದೇಶಗಳಿಂದ ಬರುವ ನಾಯಿಗಳಿಗೆ ಲಸಿಕೆಯ ಜೊತೆ ರಕ್ತಪರೀಕ್ಷೆ, ಕಾಯುವಿಕೆ ಎಲ್ಲ ಉಂಟು. ಈ ಕಟ್ಟುನಿಟ್ಟನ್ನು ನಾನು ಬೈಯುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ದೊಡ್ಡಪ್ಪನ ಮಗನಿಗೆ ಬೀದಿನಾಯಿ ಕಚ್ಚಿ, ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಸಂಕಟ ಕಂಡವರು ನಿಯಮಕ್ಕೆ ಗೊಣಗುವುದಿಲ್ಲ. 2000ನೇ ಇಸವಿಯವರೆಗೆ ಹೊರದೇಶದಿಂದ ಬ್ರಿಟನ್ನಿಗೆ ಬಂದ ಬಹುಪಾಲು ನಾಯಿಗಳು ಆರು ತಿಂಗಳು ಬೋನಿನಂಥ ಕೋಣೆಯಲ್ಲಿ ಒಂಟಿಯಾಗಿ ಇರಬೇಕಿತ್ತು. ಅದಕ್ಕೆ ಹೋಲಿಸಿದರೆ ಈಗಿನದು ಸುಲಭವೇ.

ಹೀಗೆ ಹುಟ್ಟಿದ್ದು ಮನೆಗಾಡಿಯ ಯೋಜನೆ. ಇಲ್ಲಿ ಅದನ್ನು ಮೋಟರ್‌ಹೋಮ್ ಅನ್ನುತ್ತಾರೆ. ಒಂದು ವ್ಯಾನಿನ ಹೊಟ್ಟೆಯೊಳಗೆ ಮಂಚ, ಮೇಜು, ಎರಡು ಉರಿಯ ಗ್ಯಾಸ್ ಒಲೆ, ಕಪಾಟಿನಷ್ಟು ಚಿಕ್ಕ ಬಚ್ಚಲು. ‘ಮನೆಗಾಡಿ’ ಅಂತ ಹೆಸರಿಟ್ಟವಳು ಬೆಂಗಳೂರಿನಲ್ಲಿ ಆರನೇ ತರಗತಿ ಓದುತ್ತಿರುವ ನಮ್ಮ ಮೊಮ್ಮಗಳು. ಉತ್ತರ ಯುರೋಪಿನ ಎಷ್ಟೋ ನಿವೃತ್ತರು ಚಳಿಗಾಲದಲ್ಲಿ ಇಂಥ ಗಾಡಿ ಹತ್ತಿ ಸ್ಪೇನ್, ಪೋರ್ಚುಗಲ್ ಕಡೆಗೆ ಇಳಿಯುತ್ತಾರೆ, ನಮ್ಮ ರಂಗನತಿಟ್ಟಿಗೆ ಹಕ್ಕಿಗಳು ಬರುವ ಹಾಗೆ. ಬೇಸಿಗೆ ಬಂದಾಗ ಮರಳಿ ಗೂಡಿಗೆ.

ನಾವು ಆರಿಸಿದ ಜಾಗ ಸ್ಪೇನಿನ ಆಗ್ನೇಯ ಮೂಲೆಯ ಅಲ್ಮೇರಿಯಾ. ಅಲ್ಲಿ ಡಿಸೆಂಬರಿನಲ್ಲೂ ಒಂಬತ್ತೂವರೆ ಗಂಟೆ ಹಗಲು. ಮಳೆ ಬಹಳ ಕಡಿಮೆ. ಹತ್ತಿರದಲ್ಲೇ ತಬೆರ್ನಾಸ್ ಅನ್ನುವ ಮರುಭೂಮಿಯಂಥ ಜಾಗ, ಅಲ್ಲಿ ಕೌಬಾಯ್ ಸಿನಿಮಾಗಳನ್ನು ತೆಗೆದಿದ್ದಾರೆ. ಇನ್ನೊಂದು ಪಕ್ಕ ಕಾಬೊ ದೆ ಗಾತಾ ಅನ್ನುವ ಸಮುದ್ರದ ಚಾಚು, ಅಲ್ಲಿನ ಉಪ್ಪಿನ ಮಡುಗಳಲ್ಲಿ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು ನಿಂತಿರುತ್ತವಂತೆ. ಆ ಪ್ರದೇಶ ಸಂರಕ್ಷಿತ ಉದ್ಯಾನ, ಕಂಡಲ್ಲಿ ಗಾಡಿ ನಿಲ್ಲಿಸಿ ಮಲಗುವಂತಿಲ್ಲ. ಆದ್ದರಿಂದ ಗಾಡಿಗಳಿಗೆಂದೇ ಇರುವ ಒಂದು ತಂಗುದಾಣದಲ್ಲಿ ಜಾಗ ಹಿಡಿದೆವು.

ಜಾಗ ಹಿಡಿದ ಸಂಭ್ರಮದಲ್ಲಿ ಮೊಮ್ಮಗಳಿಗೆ ವಿಡಿಯೋ ಕರೆ ಮಾಡಿ ನಕ್ಷೆ ತೋರಿಸಿದೆ. ಅವಳು ಎಲ್ಲ ಕೇಳಿ ಒಂದೇ ಮಾತು ಅಂದಳು: “ರಾಗಿಯನ್ನು ಕೇಳಿದ್ರಾ, ಅಜ್ಜಿ? ಅವಳಿಗೆ ಇಷ್ಟ ಇದೆಯಾ?”

ನಾನು ನಕ್ಕೆ. ಯಜಮಾನರು ನಗಲಿಲ್ಲ.

ಅವರು ನಗದಿದ್ದುದಕ್ಕೆ ಕಾರಣವಿತ್ತು. ಗಾಡಿ ಕೊಂಡು ಎರಡು ವಾರವಾಗಿದ್ದರೂ ರಾಗಿ ಅದರೊಳಗೆ ಕಾಲಿಟ್ಟಿರಲಿಲ್ಲ. ಬಾಗಿಲಿನ ಹತ್ತಿರ ಕರೆದೊಯ್ದರೆ ನಾಲ್ಕೂ ಕಾಲನ್ನು ನೆಲಕ್ಕೆ ಹೊಲಿದಂತೆ ನಿಲ್ಲುತ್ತಿದ್ದಳು. ಪಂದ್ಯದ ನಾಯಿಗಳನ್ನು ವ್ಯಾನಿನೊಳಗಿನ ಸಣ್ಣ ಸಣ್ಣ ಗೂಡುಗಳಲ್ಲಿ ಕೂಡಿ ಸಾಗಿಸುತ್ತಾರೆ. ಅದರ ನೆನಪೇನೋ ಅಂದುಕೊಂಡೆವು. ಇವಳನ್ನು ಎತ್ತಿ ಒಳಗೆ ಹಾಕೋಣವೆಂದರೆ ತೂಕ 28 ಕಿಲೋ, ನಮ್ಮಿಬ್ಬರ ಸೊಂಟದ ವಯಸ್ಸು ಒಟ್ಟು 138. ಅದೂ ಅಲ್ಲದೆ, ಬೇಡ ಅನ್ನುವವಳನ್ನು ಎತ್ತಿ ಹಾಕಿ ಮೂರು ತಿಂಗಳು ಕರೆದೊಯ್ದರೆ, ಅದಕ್ಕೂ ವಸತಿಗೃಹದಲ್ಲಿ ಬಿಟ್ಟುಹೋಗುವುದಕ್ಕೂ ಏನು ವ್ಯತ್ಯಾಸ? ಯಜಮಾನರು ಕ್ಯಾಲೆಂಡರಿನಲ್ಲಿ ಹೊರಡುವ ದಿನಕ್ಕೆ ಮೂರು ದಿನ ಮೊದಲು ಒಂದು ಗೆರೆ ಎಳೆದರು. ಅಷ್ಟರೊಳಗೆ ರಾಗಿ ತಾನಾಗಿ ಹತ್ತದಿದ್ದರೆ ಪ್ರವಾಸವಿಲ್ಲ, ಕಟ್ಟಿದ ಹಣ ಹೋದರೆ ಹೋಗಲಿ. ಮಂಡಿನೋವು ಅವರದು, ಬಿಸಿಲು ಬೇಕಾಗಿದ್ದುದೂ ಅವರಿಗೇ. ಆದರೂ ಗೆರೆ ಎಳೆದವರು ಅವರೇ.

ರಾಗಿಯ ಉತ್ತರಕ್ಕೆ ಕಾಯುತ್ತ ಕಾಗದಪತ್ರದ ಕೆಲಸಕ್ಕೆ ಇಳಿದೆವು. ಇಲ್ಲಿಂದ ಮುಂದೆ ಸ್ವಲ್ಪ ಲೆಕ್ಕ ಬರುತ್ತದೆ ಮಕ್ಕಳೇ, ಪೆನ್ಸಿಲ್ ಹಿಡಿದುಕೊಳ್ಳಿ.

ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ನಮ್ಮಂಥವರು ಫ್ರಾನ್ಸ್, ಸ್ಪೇನ್ ಮುಂತಾದ ಷೆಂಗೆನ್ ದೇಶಗಳಲ್ಲಿ ವೀಸಾ ಇಲ್ಲದೆ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಒಳಗೆ ಹೋದ ದಿನವೂ ಲೆಕ್ಕಕ್ಕೆ, ಹೊರಬಂದ ದಿನವೂ ಲೆಕ್ಕಕ್ಕೆ. ಇನ್ನು ರಾಗಿಗೆ ಬೇಕಾದದ್ದು ಪ್ರಾಣಿ ಆರೋಗ್ಯ ಪ್ರಮಾಣಪತ್ರ. ಮೊದಲು ನಾಯಿಗೂ ಒಂದು ನೀಲಿ ಪಾಸ್‌ಪೋರ್ಟ್ ಪುಸ್ತಕ ಇರುತ್ತಿತ್ತು. 2021ರಿಂದ ಬ್ರಿಟನ್ನಿನಲ್ಲಿ ಕೊಟ್ಟ ಅಂಥ ಪುಸ್ತಕ ಅಲ್ಲಿ ನಡೆಯುವುದಿಲ್ಲ. ಈಗ ಪ್ರತಿ ಪ್ರವಾಸಕ್ಕೂ ಹೊಸ ಪತ್ರ. ಅದಕ್ಕೆಂದೇ ಅಧಿಕಾರ ಪಡೆದ ಪಶುವೈದ್ಯರು ಹೊರಡುವ ಮುಂಚಿನ ಹತ್ತು ದಿನದೊಳಗೆ ಬರೆದುಕೊಡಬೇಕು. ಅದರ ಆಯಸ್ಸು ನಾಲ್ಕು ತಿಂಗಳು. ಮೊದಲು ಕಾಲಿಡುವ ದೇಶ ಫ್ರಾನ್ಸ್ ಆದ್ದರಿಂದ ಇಂಗ್ಲಿಷ್ ಜೊತೆ ಫ್ರೆಂಚಿನಲ್ಲೂ ಇರಬೇಕು. ನನ್ನ ಪಾಸ್‌ಪೋರ್ಟಿಗೆ ಕೊಟ್ಟ ದುಡ್ಡಿನ ಎರಡರಷ್ಟು ರಾಗಿಯ ಪತ್ರಕ್ಕೆ ಕೊಟ್ಟಿದ್ದೇವೆ. ನನ್ನದು ಹತ್ತು ವರ್ಷ ಬಾಳುತ್ತದೆ!

ಈ ಪತ್ರ ಸಿಗಬೇಕಾದರೆ ಮೊದಲು ಮೈಕ್ರೋಚಿಪ್ ಇರಬೇಕು. ಅಕ್ಕಿಕಾಳಿನಷ್ಟು ಚಿಕ್ಕದು, ಕತ್ತಿನ ಹತ್ತಿರ ಚರ್ಮದ ಕೆಳಗೆ ಕೂತಿರುತ್ತದೆ. ಯಂತ್ರ ಹಿಡಿದರೆ ಹದಿನೈದು ಅಂಕಿ ಕಾಣುತ್ತವೆ. ಚಿಪ್ ಆದ ಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿ 21 ದಿನ ಕಾಯಬೇಕು, ಮೈಯಲ್ಲಿ ರೋಗದ ವಿರುದ್ಧ ಶಕ್ತಿ ಬೆಳೆಯಲು ಅಷ್ಟು ಸಮಯ ಬೇಕು.

ಇಲ್ಲೇ ನಾನು ಎಡವಿದ್ದು. ರಾಗಿಗೆ 2020ರಲ್ಲಿ ಒಮ್ಮೆ ಲಸಿಕೆ ಹಾಕಿಸಿದ್ದೆವು, ಕೊರೋನಾ ಬಂದು ಆ ಪ್ರವಾಸ ನಿಂತಿತ್ತು. ಮೂರು ವರ್ಷ ನಡೆಯುವ ಲಸಿಕೆ, ಇನ್ನೂ ನಡೆಯುತ್ತದೆ ಅಂತ ನಾನು ಧೈರ್ಯವಾಗಿದ್ದೆ. ಮೊದಲು ಗೊತ್ತು ಮಾಡಿದ್ದ ಹೊರಡುವ ದಿನ ನವೆಂಬರ್ 10. ಅಕ್ಟೋಬರ್ 30ರ ಸಂಜೆ ಹಳೆಯ ಚೀಟಿ ತೆಗೆದು ನೋಡುತ್ತೇನೆ, ಅವಧಿ ಮುಗಿದು ಒಂಬತ್ತು ದಿನವಾಗಿದೆ! ಒಂದು ದಿನ ತಪ್ಪಿದರೂ ಹೊಸದಾಗಿ ಹಾಕಿಸಿದ ಹಾಗೇ ಲೆಕ್ಕ, ಮತ್ತೆ 21 ದಿನ ಕಾಯಬೇಕು. ಜೀವಮಾನವೆಲ್ಲ ಪ್ರಯೋಗಾಲಯದಲ್ಲಿ ಸೀಸೆಗಳ ಮೇಲಿನ ತಾರೀಕು ನೋಡಿಕೊಂಡು ಬದುಕಿದವಳು ನಾನು. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ನವೆಂಬರ್ 1ಕ್ಕೆ ಲಸಿಕೆ ಹಾಕಿಸಿದೆವು. ಆ ದಿನವನ್ನು ಸೊನ್ನೆ ಅಂತ ಎಣಿಸಿದರೆ 21ನೇ ದಿನ ನವೆಂಬರ್ 22. ರೈಲಿನಲ್ಲಿ ಜಾಗ ಸಿಕ್ಕಿದ್ದು 25ಕ್ಕೆ. ಈಗ ನೀವು ಹೇಳಿ, ನವೆಂಬರ್ 25ರಿಂದ 90ನೇ ದಿನ ಯಾವುದು? ಫೆಬ್ರವರಿ 22. ನಾವು 19ಕ್ಕೇ ವಾಪಸ್ ದಾಟುವುದು ಅಂತ ಇಟ್ಟುಕೊಂಡೆವು. ದಾರಿಯಲ್ಲಿ ಗಾಡಿ ಕೆಟ್ಟರೆ, ಹಿಮ ಬಿದ್ದರೆ ಅಂತ ಮೂರು ದಿನ ಕೈಯಲ್ಲಿರಲಿ. ನನ್ನ ಮರೆವಿನಿಂದ ಒಂದು ಲಾಭವೂ ಆಯಿತೆನ್ನಿ: ರಾಗಿಗೆ ಯೋಚಿಸಲು ಎರಡು ವಾರ ಹೆಚ್ಚು ಸಿಕ್ಕಿತು. ಕ್ಯಾಲೆಂಡರಿನ ಗೆರೆ ನವೆಂಬರ್ 22ಕ್ಕೆ ಸರಿಯಿತು.

ವಾಪಸ್ ಬರುವಾಗ ಇನ್ನೊಂದು ಲೆಕ್ಕವಿದೆ. ಬ್ರಿಟನ್ ಸೇರುವ 24 ಗಂಟೆಗಿಂತ ಮುಂಚೆ, ಆದರೆ 120 ಗಂಟೆಗಿಂತ ಹಿಂದೆ ಅಲ್ಲ, ಅಲ್ಲಿನ ಪಶುವೈದ್ಯರಿಂದಲೇ ಲಾಡಿಹುಳುವಿನ ಮಾತ್ರೆ ನುಂಗಿಸಿ ಪತ್ರದಲ್ಲಿ ಬರೆಸಿಕೊಳ್ಳಬೇಕು. ಯುರೋಪಿನ ನರಿಗಳಲ್ಲಿ ಒಂದು ಜಾತಿಯ ಸಣ್ಣ ಲಾಡಿಹುಳು ಇದೆ, ನಾಯಿಯ ಮೂಲಕ ಮನುಷ್ಯರ ಪಿತ್ತಜನಕಾಂಗಕ್ಕೆ ಬಂದರೆ ಬಹಳ ಅಪಾಯ. ಬ್ರಿಟನ್ನಿನಲ್ಲಿ ಅದು ಇಲ್ಲ, ಬರುವುದೂ ಬೇಡ ಅಂತ ಈ ಕಾವಲು. ಸೋಮವಾರ ಮಧ್ಯಾಹ್ನ ದಾಟುವವರು ಬುಧವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದೊಳಗೆ ಮಾತ್ರೆ ಹಾಕಿಸಬೇಕು. ಭಾನುವಾರ ಬಾಗಿಲು ಮುಚ್ಚಿರುತ್ತದೆ, ಶನಿವಾರ ಅನುಮಾನ, ಆದ್ದರಿಂದ ಶುಕ್ರವಾರ. ಯಜಮಾನರು ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ, ನನ್ನ ಮೇಲೆ ಬಿಟ್ಟಿಲ್ಲ.

ನಮ್ಮ ಪಶುವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ರಾಗಿಯ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹೃದಯದಲ್ಲಿ ಒಂದು ಸಣ್ಣ ಮರ್ಮರ ಇದೆ, ಈ ವಯಸ್ಸಿಗೆ ಆಶ್ಚರ್ಯವಿಲ್ಲ, ಪ್ರವಾಸಕ್ಕೆ ಅಡ್ಡಿಯಿಲ್ಲ ಅಂದರು. ಆಮೇಲೆ ಎರಡು ಎಚ್ಚರಿಕೆ ಕೊಟ್ಟರು. ಒಂದು, ಮರಳುನೊಣ. ಅದು ಕಚ್ಚಿದರೆ ನಾಯಿಗೆ ಲೀಶ್ಮೇನಿಯಾ ಎಂಬ ಕಾಯಿಲೆ ಬರಬಹುದು. ನಮ್ಮ ಬಿಹಾರದ ಕಡೆ ಮನುಷ್ಯರಿಗೆ ಬರುವ ಕಾಲಾ ಅಜಾರಿನ ನೆಂಟ ಅದು. ಚಳಿಗಾಲದಲ್ಲಿ ನೊಣ ಕಡಿಮೆ, ಆದರೂ ಔಷಧಿಯ ಕತ್ತುಪಟ್ಟಿ ಕಟ್ಟಿ ಅಂದರು.

ಇನ್ನೊಂದು, ಕಂಬಳಿಹುಳು. ಸ್ಪೇನಿನ ಪೈನ್ ಮರಗಳಲ್ಲಿ ಬಿಳಿ ಹತ್ತಿಯ ಉಂಡೆಯಂಥ ಗೂಡುಗಳು ನೇತಾಡುತ್ತವೆ. ಜನವರಿ ಕಳೆಯುತ್ತಿದ್ದಂತೆ ಅವುಗಳೊಳಗಿನ ಹುಳುಗಳು ಕೆಳಗಿಳಿದು, ಒಂದರ ಬಾಲಕ್ಕೆ ಇನ್ನೊಂದು ಮೂತಿ ಹಚ್ಚಿ, ಶಾಲೆಯ ಮಕ್ಕಳ ಸಾಲಿನಂತೆ ನಡೆದುಹೋಗುತ್ತವೆ. ನಾಯಿ ಕುತೂಹಲದಿಂದ ಮೂಸಿದರೆ ಸಾಕು, ಅದರ ರೋಮ ತಾಗಿ ನಾಲಿಗೆ ಊದಿ ಕೊಳೆಯುವಷ್ಟು ಗಾಯವಾಗುತ್ತದೆ. ಫ್ರಾನ್ಸಿನಲ್ಲಿ ಫಾಬ್ರ್ ಎಂಬ ಕೀಟವಿಜ್ಞಾನಿ ಇದ್ದರು. ಅವರು ಈ ಹುಳುಗಳ ಸಾಲನ್ನು ಒಂದು ದೊಡ್ಡ ಹೂಕುಂಡದ ಅಂಚಿಗೆ ಹತ್ತಿಸಿ, ಸಾಲು ಮುಚ್ಚಿದ ವೃತ್ತವಾಗುವಂತೆ ಮಾಡಿದರು. ಮುಂದಿನದನ್ನು ಹಿಂಬಾಲಿಸುತ್ತ, ಹಿಂಬಾಲಿಸುತ್ತ ಅವು ಏಳು ದಿನ ಅದೇ ಅಂಚಿನಲ್ಲಿ ಸುತ್ತಿದವಂತೆ! ಇದನ್ನು ಹೇಳಿದಾಗ ಮೊಮ್ಮಗಳು, “ನಮ್ಮ ಪ್ರಾರ್ಥನೆ ಸಾಲೂ ಹಾಗೇ ಅಜ್ಜಿ” ಅಂದಳು. ಪೈನ್ ಮರದ ಕೆಳಗೆ ರಾಗಿಯ ಹಗ್ಗ ಬಿಡುವುದಿಲ್ಲ ಅಂತ ನಾನು ಅವಳಿಗೆ ಮಾತು ಕೊಟ್ಟಿದ್ದೇನೆ.

ಮೊರಾಕೊ ಕೂಡ ನೋಡಿ ಬರೋಣ ಅನ್ನುವ ಆಸೆ ಯಜಮಾನರಿಗೆ ಇತ್ತು. ಸ್ಪೇನಿನ ತುದಿಯಿಂದ ಹಡಗಿನಲ್ಲಿ ಸ್ವಲ್ಪವೇ ದೂರ, ಅಲ್ಲಿ ಕಳೆದ ದಿನಗಳು ಆ ತೊಂಬತ್ತರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಅಲ್ಲಿಂದ ಯುರೋಪಿಗೆ ಮರಳುವ ನಾಯಿಗೆ ಮತ್ತದೇ ರೇಬೀಸ್ ರಕ್ತಪರೀಕ್ಷೆ. ಕೈಬಿಟ್ಟೆವು.

ಇನ್ನು ಸಾಮಾನು. ನಮ್ಮ ಗಾಡಿ ಎಲ್ಲ ಸೇರಿ 3,500 ಕಿಲೋ ಮೀರುವಂತಿಲ್ಲ. ತುಂಬಿಸಿದ ಮೇಲೆ ತೂಕದ ಸೇತುವೆಗೆ ಒಯ್ದರೆ 3,560! ನನ್ನ ಕಣ್ಣು ಯಜಮಾನರ ಪುಸ್ತಕಗಳ ಕಡೆ, ಅವರ ಕಣ್ಣು ನನ್ನ ರುಬ್ಬುವ ಯಂತ್ರದ ಕಡೆ. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೊಳೆಯಿತು, ನೂರು ಲೀಟರಿನ ನೀರಿನ ತೊಟ್ಟಿ ತುಂಬಿದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ದಾರಿಗೆ ಇಪ್ಪತ್ತು ಲೀಟರ್ ಸಾಕು, ಉಳಿದದ್ದನ್ನು ಅಲ್ಲಿ ಹೋಗಿ ತುಂಬಿಸಿದರಾಯಿತು. ಎಂಭತ್ತು ಕಿಲೋ ಇಳಿಯಿತು. ಆದರೂ ರುಬ್ಬುವ ಯಂತ್ರ ಹಿಂದುಳಿಯಿತು, ಬೇರೆ ಕಾರಣಕ್ಕೆ. ತಂಗುದಾಣಗಳಲ್ಲಿ ಎಷ್ಟೋ ಕಡೆ ಕೊಡುವ ವಿದ್ಯುತ್ತು ಆರು ಆಂಪಿಯರ್ ಅಷ್ಟೇ. ಅದನ್ನು 230 ವೋಲ್ಟಿನಿಂದ ಗುಣಿಸಿದರೆ 1,380 ವಾಟ್. ನಮ್ಮ ಮನೆಯ ನೀರು ಕಾಯಿಸುವ ಕೆಟಲ್ ಒಂದೇ ಮೂರು ಸಾವಿರ ವಾಟ್ ಕುಡಿಯುತ್ತದೆ! ಬಿಸಿಯೂದುವ ಯಂತ್ರವೂ ರುಬ್ಬುವ ಯಂತ್ರವೂ ಒಟ್ಟಿಗೆ ಓಡಿದರೆ ಕತ್ತಲೆ. ಅದಕ್ಕೇ ರವೆ ಇಡ್ಲಿಯೇ ಗತಿ ಅಂತ ತೀರ್ಮಾನ.

ಗ್ಯಾಸ್ ವಿಷಯವೂ ಸ್ವಾರಸ್ಯವಾಗಿದೆ. ನಿಮ್ಮ ಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್, ಪ್ರೊಪೇನ್ ಎರಡೂ ಬೆರೆತಿರುತ್ತವೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಒಲೆ ಆರುತ್ತದೆ. ಪ್ರೊಪೇನ್ ಹಾಗಲ್ಲ, ಸೊನ್ನೆಗಿಂತ 42 ಡಿಗ್ರಿ ಕೆಳಗೆ ಹೋದ ಮೇಲಷ್ಟೇ ಅದು ಹಟ ಹಿಡಿಯುವುದು. ನಾವು ದಾಟಬೇಕಾದ ಸ್ಪೇನಿನ ಬುರ್ಗೋಸ್ ಊರು ಸಮುದ್ರಮಟ್ಟದಿಂದ 850 ಮೀಟರಿಗೂ ಮೇಲಿದೆ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಆದ್ದರಿಂದ ಪ್ರೊಪೇನನ್ನೇ ತುಂಬಿಸಿದ್ದೇವೆ.

ಅಡುಗೆಯ ಸಾಮಾನಿನಲ್ಲಿ ನನಗೆ ನಿಜವಾಗಿ ನೋವಾದದ್ದು ತುಪ್ಪ. ಬ್ರಿಟನ್ನಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಮನೆಯಲ್ಲಿ ಕಾಯಿಸಿದ ತುಪ್ಪದ ಡಬ್ಬಿ ಪಕ್ಕದ ಮನೆಗೆ ಹೋಯಿತು. ಮಾಂಸ ಸೇರಿದ ರಾಗಿಯ ಊಟಕ್ಕೂ ಅದೇ ನಿಯಮ, ಅದನ್ನು ಫ್ರಾನ್ಸಿನಲ್ಲೇ ಕೊಳ್ಳಬೇಕು. ಹಿತ್ತಲಿನ ಗಾಜಿನ ಮನೆಯಲ್ಲಿ ಬೆಳೆದ ಕರಿಬೇವಿನ ಸೊಪ್ಪೂ ಇಲ್ಲ. ಹಸಿ ಸೊಪ್ಪು, ಹಣ್ಣು, ತರಕಾರಿಗೆ ಪರೀಕ್ಷೆಯ ಪತ್ರ ಬೇಕು. ಪತ್ರ ಬೇಡದ ಹಣ್ಣು ಐದೇ ಐದು: ಅನಾನಸು, ಬಾಳೆ, ಖರ್ಜೂರ, ದುರಿಯನ್, ಮತ್ತೆ... ತೆಂಗಿನಕಾಯಿ! ಆ ಪಟ್ಟಿ ಓದಿದ ಕೂಡಲೇ ಅರಸೀಕೆರೆಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದೆ. “ಮತ್ತೆ? ತೆಂಗಿನಕಾಯಿಗೆ ಯಾರು ಬೇಡ ಅಂತಾರೆ!” ಅಂದಳು, ಪಟ್ಟಿಯನ್ನು ತಾನೇ ಬರೆದವಳಂತೆ.

ಇಷ್ಟೆಲ್ಲ ಆಗುತ್ತಿರುವಾಗ ರಾಗಿ ಏನು ಮಾಡುತ್ತಿದ್ದಳು? ಗಾಡಿಯ ಬಾಗಿಲಿಗೆ ಇಳಿಜಾರಾದ ಒಂದು ಹಲಗೆ ಹಾಕಿದ್ದೆವು. ದಿನಾ ಅವಳ ಊಟದ ತಟ್ಟೆಯನ್ನು ಸ್ವಲ್ಪ ಸ್ವಲ್ಪ ಹತ್ತಿರ ಸರಿಸುತ್ತಿದ್ದೆ. ಮೊದಲ ವಾರ ಹಲಗೆಯ ಬುಡದವರೆಗೆ ಬಂದಳು. ಎರಡನೇ ವಾರ ಮುಂಗಾಲು ಎರಡನ್ನೂ ಹಲಗೆಯ ಮೇಲಿಟ್ಟು ಕತ್ತು ಚಾಚಿ ತಿಂದಳು. ಅಲ್ಲಿಗೆ ನಿಂತಿತು. ನವೆಂಬರ್ 16ರಂದು ನಾನು ಒಳಗೆ ಕೋಳಿಯ ಚೂರು ಹಿಡಿದು ಕೂತು ಅರ್ಧ ಗಂಟೆ ಕರೆದೆ. ಅವಳ ಮೂಗು ಆಡುತ್ತಿತ್ತು, ಕಾಲು ಅಲುಗಲಿಲ್ಲ. ಕೊನೆಗೆ ಮನೆಯೊಳಗೆ ಹೋಗಿ ಮಲಗಿಬಿಟ್ಟಳು. ಯಜಮಾನರು ತಂಗುದಾಣಕ್ಕೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸ್ ಬರಬಹುದು ಅಂತ ನೋಡಲು ಕನ್ನಡಕ ಹುಡುಕಿದರು.

ಆ ಭಾನುವಾರ ಮೊಮ್ಮಗಳ ಕರೆ ಬಂತು. ನಾನು ಅಡುಗೆಮನೆಯಲ್ಲಿ ಚಿತ್ರಾನ್ನ ಮಾಡುತ್ತ ಫೋನನ್ನು ಗೋಡೆಗೆ ಆನಿಸಿ ಮಾತಾಡುತ್ತಿದ್ದೆ. “ಅಜ್ಜಿ, ರಾಗಿ ಯಾಕೆ ಯಾವಾಗಲೂ ಬಾಗಿಲಲ್ಲೇ ನಿಂತಿರ್ತಾಳೆ? ಅಡುಗೆಮನೆ ಒಳಗೆ ಬರೋದೇ ಇಲ್ಲ, ಬೈತೀರಾ?” ಅಂದಳು. ಬೈಯುವುದಿಲ್ಲ, ಅವಳೇ ಬರುವುದಿಲ್ಲ ಅಂದೆ. ಹೇಳುತ್ತಿರುವಾಗಲೇ ಕೈಯಲ್ಲಿದ್ದ ಸೌಟು ನಿಂತಿತು. ನಮ್ಮ ಮನೆಯಲ್ಲಿ ಎಲ್ಲ ಕಡೆ ರತ್ನಗಂಬಳಿ, ಅಡುಗೆಮನೆಗೆ ಮಾತ್ರ ನುಣುಪು ಹಾಸು. ಗಾಡಿಯ ನೆಲವೂ ಅದೇ ನುಣುಪು, ಹಲಗೆ ಹೊಳೆಯುವ ಅಲ್ಯುಮಿನಿಯಮ್. ಉದ್ದ ಕಾಲಿನ, ಕೊಬ್ಬಿಲ್ಲದ ಈ ಜಾತಿಯ ನಾಯಿಗಳಿಗೆ ಜಾರುವ ನೆಲವೆಂದರೆ ಜೀವಭಯ. ಆರು ವರ್ಷದಿಂದ ಅವಳು ನಮಗೆ ದಿನಾ ಅದನ್ನೇ ಹೇಳುತ್ತಿದ್ದಳು. ಪಂದ್ಯ, ಗೂಡು, ಹಳೆಯ ನೆನಪು ಅಂತೆಲ್ಲ ನಾವೇ ಕಟ್ಟಿಕೊಂಡ ಕಥೆ.

ಅಟ್ಟದಲ್ಲಿ ಅಮ್ಮ ಕೊಟ್ಟಿದ್ದ ನವಲಗುಂದದ ಜಮಖಾನವಿತ್ತು. ಇಳಿಸಿ ತಂದು ಹಲಗೆಯ ಬುಡದಿಂದ ಗಾಡಿಯ ಒಳಗಿನ ಮಂಚದವರೆಗೆ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ಬಿಗಿದೆವು. ಯಜಮಾನರು ರಾಗಿಯನ್ನು ಕರೆತಂದರು. ನಾನು ಕರೆಯಲಿಲ್ಲ, ಕೋಳಿಯ ಚೂರೂ ಇರಲಿಲ್ಲ. ಅವಳು ಜಮಖಾನವನ್ನು ಮೂಸಿದಳು. ಒಂದು ಕಾಲಿಟ್ಟಳು, ಇನ್ನೊಂದು ಇಟ್ಟಳು, ಆಮೇಲೆ ಅಜ್ಜಿಯರು ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗೆ ನಿಧಾನವಾಗಿ ನಡೆದು ಒಳಗೆ ಹೋದಳು. ಒಂದು ಸುತ್ತು ತಿರುಗಿ ಮಂಚದ ಪಕ್ಕ ಮಲಗಿಬಿಟ್ಟಳು. ಬೆಂಗಳೂರಿನಲ್ಲಿ ಮೊಮ್ಮಗಳು ಕಿರುಚಿದ್ದು ಫೋನ್ ಇಲ್ಲದೆಯೇ ಕೇಳುವಂತಿತ್ತು.

ಅಲ್ಲಿಗೆ ಅವಳು ಪೂರ್ತಿ ಒಪ್ಪಿದಳು ಅಂತ ನಾವು ಅಂದುಕೊಂಡಿಲ್ಲ. ಹತ್ತು ವರ್ಷದ ನಾಯಿ, ಎದೆಯಲ್ಲಿ ಮರ್ಮರ, ಸ್ಪೇನಿನಲ್ಲಿ ಏನಾದರೂ ಆದರೆ ಅನ್ನುವ ಮಾತು ರಾತ್ರಿ ದೀಪ ಆರಿಸಿದ ಮೇಲೆ ನಮ್ಮಿಬ್ಬರ ನಡುವೆ ಬಂದೇ ಬರುತ್ತದೆ. ಇಲ್ಲೇ ಇದ್ದರೂ ಆಗಬಹುದು ಅನ್ನುತ್ತಾರೆ ಅವರು. ದಾರಿಯುದ್ದದ ಊರುಗಳ ಪಶುವೈದ್ಯರ ವಿಳಾಸ ಬರೆದಿಟ್ಟಿದ್ದಾರೆ. ಕಡಲು ದಾಟಿ ಕ್ಯಾಲೆ ಊರಿನಿಂದ ಅಲ್ಮೇರಿಯಾಕ್ಕೆ ಸುಮಾರು 2,100 ಕಿಲೋಮೀಟರ್. ದಿನಕ್ಕೆ 250ರ ಮೇಲೆ ಓಡಿಸುವುದಿಲ್ಲ, ಎರಡು ಗಂಟೆಗೊಮ್ಮೆ ಇಳಿದು ನಡೆದಾಟ. ಬೋರ್ಡೋ ಊರಿನಲ್ಲಿ ಎರಡು ದಿನ ನಿಲ್ಲುತ್ತೇವೆ. ಅಲ್ಲಿ ರಾಗಿಯನ್ನು ಮತ್ತೆ ಕೇಳುವುದು. ತಟ್ಟೆ ಖಾಲಿ ಮಾಡಿ ಕಾಲು ಚಾಚಿ ಮಲಗಿದರೆ ಮುಂದಕ್ಕೆ, ಹೋದ ವರ್ಷದ ಹಾಗೆ ಊಟ ಬಿಟ್ಟರೆ ಅಲ್ಲಿಂದಲೇ ಮನೆಗೆ.

ಇವತ್ತು ನವೆಂಬರ್ 24. ನಾಳೆ ಬೆಳಗಿನ ಜಾವ ಐದಕ್ಕೆ ಹೊರಟರೆ ಮಧ್ಯಾಹ್ನ ಫೋಕ್‌ಸ್ಟನ್ ಊರು. ಅಲ್ಲಿ ಗಾಡಿಯನ್ನು ಗಾಡಿಯ ಸಮೇತ ರೈಲಿನ ಡಬ್ಬಿಯೊಳಗೆ ಓಡಿಸುತ್ತಾರೆ. ಕಡಲಿನ ತಳದ ಕೆಳಗೆ ಕೊರೆದ ಸುರಂಗ, 1994ರಲ್ಲಿ ತೆರೆದದ್ದು, 50 ಕಿಲೋಮೀಟರ್ ಉದ್ದ. 35 ನಿಮಿಷದಲ್ಲಿ ಫ್ರಾನ್ಸ್. ರಾಗಿ ನಮ್ಮ ಪಕ್ಕದಲ್ಲೇ ಇರಬಹುದು, ಹಡಗು ಬಿಟ್ಟು ರೈಲು ಹಿಡಿದದ್ದೇ ಅದಕ್ಕೆ. ಆಚೆ ಇಳಿದ ಕೂಡಲೇ ರಸ್ತೆಯ ಬಲಕ್ಕೆ ಓಡಿಸಬೇಕು, ನಮ್ಮ ಸ್ಟಿಯರಿಂಗ್ ಇರುವುದೂ ಬಲಕ್ಕೆ. ಟೋಲ್ ಕಟ್ಟುವ ಕಿಟಕಿ ಎಡಕ್ಕೆ ಬರುತ್ತದೆ, ಆದ್ದರಿಂದ ಕಾಸಿನ ಜವಾಬ್ದಾರಿ ಯಜಮಾನರದು. ಓಡಿಸುವವಳು ನಾನು.

ಈಗ ರಾತ್ರಿ ಹತ್ತು. ತೆಂಗಿನಕಾಯಿ ನಾಲ್ಕನ್ನು ಸಿಂಕಿನ ಕೆಳಗೆ ಇಟ್ಟಾಯಿತು. ಗ್ಯಾಸಿನ ತಿರುಗುಣಿ ಮುಚ್ಚಿದ್ದೇನೆ, ಸುರಂಗದೊಳಗೆ ಅದು ತೆರೆದಿರುವಂತಿಲ್ಲ. ಗಾಡಿಗೆ ಬೀಗ ಹಾಕಿ ಬರೋಣವೆಂದು ಹೋದರೆ ರಾಗಿ ಒಳಗೆ ಜಮಖಾನದ ಮೇಲೆ ಮಲಗಿದ್ದಾಳೆ, ಕರೆದರೆ ಒಂದು ಕಣ್ಣು ತೆರೆದು ಮುಚ್ಚುತ್ತಾಳೆ. ಹೊರಗೆ ಒಂದು ಡಿಗ್ರಿ. ಯಜಮಾನರು ಮನೆಯೊಳಗಿಂದ ಇನ್ನೊಂದು ಕಂಬಳಿ ತರಲು ಹೋಗಿದ್ದಾರೆ.